ಒಳಗೆ ಬಿಟ್ಟ ಬಟ್ಟೆ

"ಟೈಲರ್, ಇದೇನಿದು?"

ಟೀಚರ್ ಹಸಿರು ಅಂಗಿಯನ್ನು ತಿರುವು ಮುರುವು ಮಾಡಿ ಹೊಲಿಗೆ ಮೆಷಿನ್ ಮೇಲೆ ಎಸೆದಳು. ಎರಡೂ ಪಕ್ಕದಲ್ಲಿ ಹೊಲಿಗೆಯಾಚೆ ಬೆರಳುದ್ದ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಚಿಡಲಾಗಿತ್ತು.

ಟೈಲರ್ ಅಂಗಿಯ ಕಡೆ ನೋಡಲೇ ಇಲ್ಲ. ಬಾಯಿ ಬಿಟ್ಟುಕೊಂಡು ಅವಳನ್ನು ನೋಡಿದ, ಆಮೇಲೆ ಅವಳ ಹಿಂದಿನ ಮೆಟ್ಟಿಲುಗಳನ್ನು.

ಅಂಗಡಿ ಇದ್ದದ್ದು ಮಹಡಿ ಮೇಲೆ. ಇಷ್ಟು ವರ್ಷ ಅವಳು ಕೆಳಗೆ ನಿಂತು ಫೋನ್ ಮಾಡುವುದು, ಅವನು ಕೊರಳಿಗೆ ಟೇಪು ಹಾಕಿಕೊಂಡು ಇಳಿದು ಬರುವುದು, ಕೆಳಗಿನ ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ ಅಳತೆ ತೆಗೆಯುವುದು, ಇದೇ ರೂಢಿ. ಅಳತೆಯನ್ನು ಅವನು ಎಂದೂ ಗಟ್ಟಿಯಾಗಿ ಓದಿದವನಲ್ಲ. ಬೇರೆ ಅಂಗಡಿಯವರು ಓದಿ, ಜೊತೆಗೊಂದು ನಗೆಯನ್ನೂ ಪುಕ್ಕಟೆ ಕೊಡುತ್ತಿದ್ದರು. ಅದಕ್ಕೇ ಅವಳಿಗೆ ಇವನೆಂದರೆ ಜೀವ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಆದ ಮೇಲೆ ಅವಳ ಕಥೆಯೇ ಬೇರೆಯಾಗಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತ್ತು. ನಿದ್ದೆಯಲ್ಲಿ ಉಸಿರು ಕಟ್ಟದಿರಲೆಂದು ಹಾಕಿಕೊಳ್ಳುತ್ತಿದ್ದ ಮೆಷಿನ್ ಅಟ್ಟ ಸೇರಿತ್ತು. ಹಿಡಿ ಹಿಡಿಯಾಗಿ ಉದುರಿದ್ದ ಕೂದಲು ಮತ್ತೆ ಬರುತ್ತಿತ್ತು. "ಇದು ಬೆಕ್ಕಿನ ಮರಿಗೂ ಸಾಲಲ್ಲ ಕಣೇ" ಎಂದು ಅಮ್ಮ ಅವಳ ತಟ್ಟೆ ನೋಡಿ ಗೊಣಗುತ್ತಿದ್ದಳು. ವಿಟಮಿನ್ ಮಾತ್ರೆ ಮಾತ್ರ ಬದುಕಿರುವವರೆಗೂ. ಇದೆಲ್ಲಕ್ಕೂ ಸೈ ಎಂದಿದ್ದವಳನ್ನು ಡಾಕ್ಟರ ಒಂದು ಮಾತು ಚುಚ್ಚುತ್ತಲೇ ಇತ್ತು: ಕೆಲವು ವರ್ಷಗಳಾದ ಮೇಲೆ ಒಂದಿಷ್ಟು ತೂಕ ವಾಪಸ್ ಬರಬಹುದು.

ಈಗ ಈ ಅಂಗಿಯೂ ಅದನ್ನೇ ಹೇಳುತ್ತಿದೆ!

"ನಾನು ಮತ್ತೆ ಊದಿಕೊಳ್ತೀನಿ ಅಂತ ತಾನೇ ಇಷ್ಟು ಬಟ್ಟೆ ಬಿಟ್ಟಿದ್ದು? ಎಲ್ಲರಿಗೂ ಹೀಗೇ ಬಿಡ್ತೀರಾ?"

"ಇಲ್ಲ," ಎಂದ. ಸುಳ್ಳು ಹೇಳಲು ಬರದ ಪ್ರಾಣಿ. "ನಿಮಗೆ ಮಾತ್ರ."

ಅವಳ ಕಣ್ಣು ತುಂಬಿತು. "ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ."

"ಅಯ್ಯೋ, ಹಾಗಲ್ಲ ಟೀಚರ್! ಹೋದ ಸಲ ಡಾಕ್ಟರ ಮಾತು ಹೇಳುವಾಗ ನಿಮ್ಮ ಮುಖ ಎಷ್ಟು ಸಪ್ಪಗಾಗಿತ್ತು ಗೊತ್ತಾ? ನಾಳೆ ಒಂದಿಂಚು ಹೆಚ್ಚಾಯ್ತು ಅಂದ್ಕೊಳ್ಳಿ. ಅಂಗಿ ಹಿಡ್ಕೊಂಡು ಅಳ್ತಾ ಕೂರಬಾರದು ನೀವು. ಹೊಲಿಗೆ ಬಿಚ್ಚಿ ಇನ್ನೊಂದು ಹಾಕಿದ್ರೆ ಮುಗೀತು."

"ಹೆಚ್ಚಾದ್ರೂ ನಿಮಗೆ ಪರವಾಗಿಲ್ವಾ?"

"ನೀವು ನನಗೆ ಇಷ್ಟ ಆಗಿದ್ದೇ ಆಪರೇಷನ್‌ಗೆ ಮುಂಚೆ," ಎಂದುಬಿಟ್ಟ. ಅಂದ ಮೇಲೆ ಕಿವಿಯವರೆಗೂ ಕೆಂಪಾದ. "ನಿಮ್ಮ ಫೋನ್ ಬಂದ್ರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಓಡಿ ಬರ್ತಿದ್ದೆ. ನೀವು ಹುಷಾರಾದಾಗ ಕುಣಿಯೋ ಅಷ್ಟು ಖುಷಿ ಆಯ್ತು. ಆದ್ರೆ ಇನ್ಮೇಲೆ ಆ ಫೋನ್ ಬರಲ್ವೇನೋ ಅಂತ..."

ಟೀಚರ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಉಸಿರು ಸಲೀಸಾಗಿತ್ತು. ಕೋಪದ ಭರದಲ್ಲಿ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದಿದ್ದಳು; ಗೋಡೆ ಹಿಡಿದಿರಲಿಲ್ಲ, ಮಂಡಿ ಚಕಾರವೆತ್ತಿರಲಿಲ್ಲ. ಅದು ಹೊಳೆದದ್ದೇ ಈಗ. ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು.

"ನೋಡಿದ್ರಾ? ನಾನೇ ಹತ್ತಿ ಬಂದೆ!"

"ಆಗಿಂದ ಅದನ್ನೇ ನೋಡ್ತಿದೀನಿ."

ಅವಳು ಅಂಗಿಯನ್ನು ಸರಿಮಾಡಿ ಮಡಚಿ ಎದೆಗವಚಿಕೊಂಡಳು. "ಒಳಗಿನ ಬಟ್ಟೆ ಹಾಗೇ ಇರ್ಲಿ. ಇನ್ಮೇಲೆ ಅಳತೆಗೆ ಅಂತ ನೀವು ಇಳಿದು ಬರೋದು ಬೇಡ. ನಾನೇ ಬರ್ತೀನಿ."

"ಇಳಿಯೋದೇ ಬೇಡ್ವಾ?" ಅವನ ಮುಖ ಬಾಡಿತು.

ಅವಳು ಓರೆಗಣ್ಣಿನಲ್ಲಿ ನೋಡಿದಳು. "ಇವತ್ತೊಂದು ಸಲ ಇಳೀರಿ. ಮನೇಲಿ ಅಮ್ಮ ಇದ್ದಾರೆ, ಬಂದು ಕೇಳಿ."

ಕೊರಳಲ್ಲಿದ್ದ ಟೇಪನ್ನು ತೆಗೆಯುವುದನ್ನೂ ಮರೆತು ಟೈಲರ್ ಅವಳಿಗಿಂತ ಮುಂಚೆ ಮೆಟ್ಟಿಲಿಳಿದ.