ಬಾಲ ಎತ್ತಿದ ಆರು

ರುದ್ರಾಣಿ ತನ್ನನ್ನು ಹೆಸರು ಹಿಡಿದು ಕೂಗುವುದನ್ನು ಬಿಟ್ಟು ಇವತ್ತಿಗೆ ಮೂರು ತಿಂಗಳಾಯಿತು ಎಂಬುದು ಕಂಡಕ್ಟರ್ ಬೆನಕಪ್ಪನಿಗೆ ಬಸ್ಸಿನ ಮೆಟ್ಟಿಲ ಮೇಲೆ ನಿಂತಾಗ ಹೊಳೆಯಿತು.

ಮೊದಲೆಲ್ಲ ಹೀಗಿರಲಿಲ್ಲ. ಜಗಳೂರಿನ ಬಸ್ಸು ಹೊನ್ನಾಳಿಗೆ ಬಂದು ಕೆಮ್ಮಿ ನಿಂತದ್ದೇ ತಡ, ಮಂಡಕ್ಕಿ ಅಂಗಡಿಯಿಂದ "ಏ ಬೆನಕಪ್ಪಾ!" ಎಂದು ಅವಳು ಕೂಗಿದರೆ ಹೊಳೆಯಾಚೆ ಮೇಯುವ ಎಮ್ಮೆಗಳೆಲ್ಲ ಒಟ್ಟಿಗೆ ಕತ್ತೆತ್ತುತ್ತಿದ್ದವು. ಒಮ್ಮೆ ನ್ಯಾಮತಿಯಲ್ಲಿ ಮಲಗಿದ್ದ ಇನ್ನೊಬ್ಬ ಬೆನಕಪ್ಪ "ಓ" ಎಂದು ಎದ್ದು ಕೂತನಂತೆ. ಸುಳ್ಳೆನ್ನುವವರು ನ್ಯಾಮತಿಗೇ ಹೋಗಿ ಕೇಳಬಹುದು.

ಈಗ? "ಬಸ್ಸಿನೋರೇ, ಮಂಡಕ್ಕಿ ಬೇಕಾ?" ಅಷ್ಟೇ. ಅದೂ ನೆಲ ನೋಡಿಕೊಂಡು.

ಯುದ್ಧದ ಕಾಲ. ಪೆಟ್ರೋಲೆಲ್ಲ ದಂಡಿಗೆ ಹೋಗುತ್ತಿತ್ತು. ಬಸ್ಸುಗಳು ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿಕೊಂಡು, ಇದ್ದಿಲು ತಿಂದು, ಹೊಗೆ ಉಗುಳಿ ಓಡುತ್ತಿದ್ದವು. ಹೊನ್ನಾಳಿಯಲ್ಲಿ ಒಲೆಗೆ ಇದ್ದಿಲು ತುಂಬಿ ಉರಿ ಹತ್ತಿಸಲು ಅರ್ಧ ಗಂಟೆ ಬೇಕು. ಇಡೀ ಮೈಸೂರು ಸೀಮೆಯನ್ನು ಕೊಡುತ್ತೇವೆಂದರೂ ಬೆನಕಪ್ಪ ಆ ಅರ್ಧ ಗಂಟೆಯನ್ನು ಬಿಟ್ಟುಕೊಡುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಅಂಥದ್ದೇ ಒಂದು ಅರ್ಧ ಗಂಟೆಯಲ್ಲಿ ಅವನು ಜೇಬಿನಿಂದ ಒಂದು ಚೀಟಿ ತೆಗೆದಿದ್ದ. ಬೊಂಬಾಯಿಯ ಯಾವುದೋ ಕುದುರೆ ಲಾಟರಿ. ಟಿಕೇಟಿಗೆ ಒಂದು ರೂಪಾಯಿ. ಎಂಟಾಣೆ ಅವನದು, ಎಂಟಾಣೆ ಅವಳದು. ಬಿದ್ದರೆ ಲಕ್ಷ!

"ಲಕ್ಷ ಬಂದ್ರೆ ಏನ್ ಮಾಡ್ತೀ ಬೆನಕಪ್ಪಾ?"

"ಮೊದ್ಲು ಈ ಬಸ್ಸನ್ನ ಕೊಂಡು, ಪೆನ್ಷನ್ ಕೊಟ್ಟು ಮನೇಲಿ ಕೂರಿಸ್ತೀನಿ. ಆಮೇಲೆ ತುಂಗಭದ್ರೆನ ಸೀದಾ ಜಗಳೂರಿಗೆ ತಿರುಗಿಸ್ತೀನಿ. ಅಲ್ಲಿ ಕುರಿಗಳು ಈಜು ಕಲೀಲಿ."

"ಹೊನ್ನಾಳಿಯೋರು ಏನ್ ಕುಡೀಬೇಕು?"

"ನಿಮಗೆ ದಿನಾ ಸೋಡಾ ತರಿಸ್ತೀನಿ ಬಿಡು."

ಅವಳು ನಕ್ಕ ರಭಸಕ್ಕೆ ಮೊರದ ಮಂಡಕ್ಕಿ ಅರ್ಧ ಗಾಳಿಗೆ ಹಾರಿತು.

"ನೀನೇನ್ ತಗಂತೀ?" ಎಂದು ಬೆನಕಪ್ಪ ಕೇಳಿದ.

"ನಾನಾ? ಹೊಗೆ ಬರದ ಒಲೆ ಎಲ್ಲಾದ್ರೂ ಸಿಕ್ರೆ ಒಂದು. ಈ ಹೊಗೇಲಿ ಕಣ್ಣುರಿದು, ಬಸ್ಸು ಬಂದಿದ್ದೇ ಕಾಣಲ್ಲ."

ಬಸ್ಸು ಕಾಣಬೇಕೆ ಇವಳಿಗೆ! ಬೆನಕಪ್ಪನ ಎದೆ ಹಾರ್ನಿನಂತೆ ಒದರಿತು. ಟಿಕೇಟಿನ ನಂಬರನ್ನು ಮರೆಯದಿರಲೆಂದು ಅಂಗಡಿಯ ಗೋಡೆಗೆ ಇದ್ದಿಲಿನಿಂದ ಕನ್ನಡದ ಅಂಕಿಯಲ್ಲಿ ಬರೆಯುತ್ತಿದ್ದವನು, ಬರೆಯುತ್ತಲೇ ಅಂದ: "ಹೊಳೆದಂಡೆಗೆ ಒಂದು ಮನೆ ಕಟ್ಟಿಸ್ತೀನಿ. ಅಡುಗೆಮನೆಗೆ ದೊಡ್ಡ ಕಿಟಕಿ. ಎಷ್ಟು ಎತ್ತರ ಇರ್ಲಿ? ಇಷ್ಟು ಸಾಕಾ?" ಎಡಗೈಯನ್ನು ಚಾಚಿ ಅವಳ ಕಣ್ಣಿನ ಮಟ್ಟಕ್ಕೆ ಹಿಡಿದ.

ರುದ್ರಾಣಿ ಆ ಕೈಯನ್ನು ನೋಡಿದಳು. ಆಮೇಲೆ ಕೈಯ ಮೇಲಿನಿಂದ ಅವನನ್ನು ನೋಡಿದಳು. ಆ ನೋಟಕ್ಕೆ ಚನ್ನಗಿರಿಯ ಕೋಟೆಯೇ ಎರಡು ಮಾರು ಹಿಂದಕ್ಕೆ ಸರಿಯುತ್ತಿತ್ತು. ಬಡ ಕಂಡಕ್ಟರನ ಬಲಗೈ ನಡುಗಿದ್ದರಲ್ಲಿ ಏನಾಶ್ಚರ್ಯ? ಕೊನೆಯ ಅಂಕಿಯನ್ನು ಹೇಗೋ ಎಳೆದು ಮುಗಿಸಿ ಬಸ್ಸು ಹತ್ತಿದ.

ಮರುದಿನದಿಂದಲೇ ಅವನ ಹೆಸರು ಅವಳ ಬಾಯಿಂದ ಮಾಯ. ಪೇಟೆಯ ನಡುವೆ ಕೈ ಚಾಚಿ ಹೆಣ್ಣುಮಗಳ ಅಳತೆ ತೆಗೆದರೆ ಯಾರಿಗೆ ಸಿಟ್ಟು ಬರುವುದಿಲ್ಲ ಎಂದು ಬೆನಕಪ್ಪ ತನ್ನನ್ನೇ ಬೈದುಕೊಂಡ.

ಸಾಲದ್ದಕ್ಕೆ ಹೋದ ವಾರ ಅವಳ ಅಜ್ಜಿ ಕಲ್ಲಮ್ಮ ಕರೆದು ಹೇಳಿದ್ದಳು: "ನಿಮ್ಮ ಜಗಳೂರಿನ ಶೇಂಗಾ ಸಾಹುಕಾರ ರೇವಣ್ಣ, ಮಗನಿಗೆ ನಮ್ಮ ರುದ್ರಾಣಿನ ಕೇಳ್ಯಾನೆ ಕಣಪ್ಪ. ಸೋಮವಾರ ಎಲೆ-ಅಡಿಕೆ ಗಂಟು ಕೊಡ್ತೀನಿ. ಮುಟ್ಟಿಸಿಬಿಡು. ಗಂಟು ಮುಟ್ಟಿದ್ರೆ ಒಪ್ಪಿಗೆ ಅಂತ ಲೆಕ್ಕ."

ಹನ್ನೆರಡು ರೂಪಾಯಿ ಸಂಬಳದವನು ಏನೆಂದಾನು? "ಆಗ್ಲಿ ಅಜ್ಜಿ" ಎಂದ. ಲಕ್ಷ ಬಂದರೆ ಮಾತ್ರ ಬಾಯಿ ಬಿಡುವುದು, ಇಲ್ಲವಾದರೆ ಗಂಟು ಹೊರುವುದು ಎಂದು ನಿಶ್ಚಯಿಸಿದ. ಲಾಟರಿಯ ಫಲಿತಾಂಶ ಪೇಪರಿನಲ್ಲಿ ಬರುವುದೂ ಅದೇ ಸೋಮವಾರವೇ.

ಇವತ್ತೇ ಆ ಸೋಮವಾರ. ಬಾಳೆನಾರಿನಿಂದ ಕಟ್ಟಿದ ಎಲೆ-ಅಡಿಕೆಯ ಗಂಟು ಕಲ್ಲಮ್ಮನ ಮಡಿಲಲ್ಲಿತ್ತು. ಬೆಂಚಿನ ಮೇಲೆ ಹಾಲೇಶಪ್ಪ ಮೇಷ್ಟ್ರು ಪೇಪರು ಬಿಡಿಸಿದರು.

"ಮೊದಲನೇ ಬಹುಮಾನ... ಮೂರು, ಒಂದು, ಏಳು, ನಾಲ್ಕು..." ಮೇಷ್ಟ್ರು ಕನ್ನಡಕ ಏರಿಸಿದರು, "...ಒಂಬತ್ತು."

ಬೆನಕಪ್ಪ ಗೋಡೆ ನೋಡಿದ. ೩೧೭೪೯.

ಸ್ಟ್ಯಾಂಡಿನ ಉಸಿರೇ ನಿಂತಿತು. ಬಾಣಲೆಯ ಎಣ್ಣೆ ಕೂಡ ಕುದಿಯುವುದನ್ನು ಮರೆಯಿತು. ಮರುಗಳಿಗೆಗೆ ಹೋ ಎಂಬ ಕೂಗು! ಕಲ್ಲಮ್ಮ ಕೂತಲ್ಲೇ ವಾಲಿದಳು. ಡ್ರೈವರ್ ರಂಗಣ್ಣ ನೀರು ತರಲು ಓಡಿ, ಗಾಬರಿಯಲ್ಲಿ ಬಸ್ಸಿಗೇ ಹಾಕಿ ಬಂದ. ಸಾಸ್ವೆಹಳ್ಳಿಯ ಮುದುಕಪ್ಪನೊಬ್ಬ ತಾನು ಬೆನಕಪ್ಪನಿಗೆ ಸೋದರಮಾವನಾಗಬೇಕೆಂದು ಅಳತೊಡಗಿದ.

ಬೆನಕಪ್ಪನಿಗೆ ಏನೂ ಕೇಳಿಸಲಿಲ್ಲ. ಈಗ ಕೇಳಬೇಕು, ಈಗಲೇ. ಅವನು ಬಾಯಿ ತೆರೆದ.

"ತಡೀರಿ ತಡೀರಿ," ಎಂದರು ಮೇಷ್ಟ್ರು. "ಅಸಲು ಟಿಕೇಟೆಲ್ಲಿ?"

ರುದ್ರಾಣಿ ಅಜ್ಜಿಯ ವಿಭೂತಿ ಡಬ್ಬಿಯಿಂದ ಚೀಟಿ ತಂದುಕೊಟ್ಟಳು. ಮೇಷ್ಟ್ರು ಅದನ್ನು ನೋಡಿದರು, ಗೋಡೆ ನೋಡಿದರು, ಮತ್ತೆ ಚೀಟಿ ನೋಡಿದರು.

"ಇಂಗ್ಲಿಷಿನಾಗೆ ಕೊನೇದು ಆರು ಐತಲ್ಲೋ! ಕನ್ನಡದ ಆರಿನ ಬಾಲ ಕೆಳಗಿರಬೇಕು. ಗೋಡೆ ಮೇಲೆ ನಾಯಿ ಬಾಲದಂಗೆ ಮೇಲಕ್ಕೆತ್ತಿ ಒಂಬತ್ತು ಮಾಡಿಟ್ಟಾರೆ."

ಲಕ್ಷ ರೂಪಾಯಿ ಎರಡು ನಿಮಿಷ ಹೊನ್ನಾಳಿಯಲ್ಲಿದ್ದು ಹೊರಟುಹೋಯಿತು. ಸೋದರಮಾವ ಕಣ್ಣೊರೆಸಿಕೊಂಡು ದೂರ ಸರಿದ. ಬೆನಕಪ್ಪ ತೆರೆದ ಬಾಯಿಯನ್ನು ಮುಚ್ಚಿದ. ಗಂಟಿಗಾಗಿ ಕೈ ಚಾಚುವುದೊಂದೇ ಉಳಿದಿತ್ತು.

ಅಷ್ಟರಲ್ಲಿ ಕಲ್ಲಮ್ಮ ಚೇತರಿಸಿಕೊಂಡು ಭದ್ರಕಾಳಿಯಾಗಿ ಎದ್ದಳು. "ನನ್ನ ಜೀವ ಹೋಗಿ ಬಂತಲ್ಲೇ! ಇದನ್ನ ಬರೆದ ಮುಠ್ಠಾಳ ಯಾವನೇ?"

ರುದ್ರಾಣಿ ಸೆರಗಿನ ತುದಿ ಸುತ್ತಿದಳು. "ಅವರು."

"ಅವರು ಅಂದ್ರೆ ಯಾರು? ಹೆಸರಿಲ್ವಾ?"

"ಬಸ್ಸಿನೋರು."

"ಬಸ್ಸಿನಾಗೆ ಮೂವತ್ತು ಜನ ಅವ್ರೆ! ಹೆಸರು ಹೇಳೇ!"

"ಹೇಳಾಕಾಗಲ್ಲ ಅಜ್ಜಿ."

"ಯಾಕಾಗಲ್ಲ?"

ರುದ್ರಾಣಿಯ ಮುಖ ಒಲೆಯ ಕೆಂಡವಾಯಿತು. "ನೀನು ಅಜ್ಜನ ಹೆಸರು ಯಾವತ್ತಾದ್ರೂ ಹೇಳಿದ್ಯಾ?"

ಮೇಷ್ಟ್ರ ಕನ್ನಡಕ ಮೂಗಿನಿಂದ ಜಾರಿ ಮಂಡಕ್ಕಿಯಲ್ಲಿ ಬಿತ್ತು. ಬೆನಕಪ್ಪ ಬಸ್ಸಿನ ಕಂಬಿ ಹಿಡಿದುಕೊಂಡ. ಹಿಡಿಯದಿದ್ದರೆ ನೇರ ತುಂಗಭದ್ರೆಗೆ ಬೀಳುತ್ತಿದ್ದ. ಮೂರು ತಿಂಗಳು! ಮೂರು ತಿಂಗಳಿಂದ ಇವಳು ಸಿಟ್ಟು ಮಾಡಿದ್ದಲ್ಲ. ಆ ಕಿಟಕಿಯ ದಿನದಿಂದ ಇವಳು ಅವನ ಹೆಸರನ್ನು ಹೆಂಡತಿಯಂತೆ ಬಾಯೊಳಗೇ ಕಾಪಾಡಿಕೊಂಡು ಬಂದಿದ್ದಳು!

ಕಲ್ಲಮ್ಮ ಮೊಮ್ಮಗಳ ಗಲ್ಲ ಹಿಡಿದೆತ್ತಿದಳು. "ಹಂಗೋ? ಹಂಗಾದ್ರೆ ಒಡಪು ಹಾಕಿ ಹೇಳು. ಗಂಡನ ಹೆಸರು ಹೇಳಾಕೆ ಅದೊಂದೇ ದಾರಿ. ಹೇಳಿದ್ಯೋ, ನಂಬ್ತೀನಿ. ತೊದಲಿದ್ಯೋ, ಗಂಟು ಜಗಳೂರಿಗೆ."

ರುದ್ರಾಣಿ ತೊದಲಲಿಲ್ಲ. ತಲೆಯ ಮೇಲೆ ಸೆರಗೆಳೆದುಕೊಂಡು, ಗೋಡೆಯ ಆ ಅಂಕಿಯನ್ನೇ ನೋಡುತ್ತ ಹೇಳಿದಳು:

"ಆರಿಗೆ ಬಾಲ ಎತ್ತಿದ್ರು, ಊರಿಗೇ ಆಸೆ ಹತ್ತಿಸಿದ್ರು,
ಲಕ್ಷ ಹೋದ್ರೆ ಹೋಗ್ಲಿ, ಕಿಟಕಿ ಮಾತ್ರ ಕಟ್ಟಿಸ್ಲಿ
ನಮ್ಮ ಬೆನಕಪ್ಪನೋರು!"

ಆ ಹೆಸರು ಕೇಳಿ ಇದ್ದಿಲು ಬಸ್ಸು ಯಾರೂ ಹ್ಯಾಂಡಲ್ ತಿರುಗಿಸದೆ ತಾನಾಗಿಯೇ ಸ್ಟಾರ್ಟ್ ಆಯಿತು. ರಂಗಣ್ಣ ಇವತ್ತಿಗೂ ಆಣೆ ಮಾಡುತ್ತಾನೆ.

ಕಲ್ಲಮ್ಮ ಎಲೆ-ಅಡಿಕೆ ಗಂಟನ್ನು ಬೆನಕಪ್ಪನ ಕೈಗೆ ತುರುಕಿದಳು. "ತಗ. ಇದನ್ನ ಯಾರಿಗೂ ಮುಟ್ಟಿಸಬೇಡ. ಮುಟ್ಟಬೇಕಾದಲ್ಲಿಗೆ ಮುಟ್ಟೈತೆ. ರೇವಣ್ಣನಿಗೆ ನಾನೇ ಹೇಳಿ ಕಳಿಸ್ತೀನಿ. ಅಂಕಿ ಮಾತ್ರ ಕಲಿ ಮಾರಾಯ."

ಹೊಳೆಯನ್ನೇ ತಿರುಗಿಸುತ್ತೇನೆಂದವನು ಗಂಟು ಹಿಡಿದ ಕೈಯನ್ನೇ ಮೆಲ್ಲಗೆ ಎತ್ತಿ, ಅವಳ ಕಣ್ಣಿನ ಮಟ್ಟಕ್ಕೆ ಹಿಡಿದ. "ಇಷ್ಟು ಎತ್ತರ... ಸಾಕಾ?"

ರುದ್ರಾಣಿ ಜಾಲರಿ ಸೌಟಿನಿಂದ ಆ ಕೈಯನ್ನು ಒತ್ತಿ, ಒತ್ತಿ, ತನ್ನ ಮಂಡಿಯವರೆಗೂ ಇಳಿಸಿದಳು.

"ನಿಂತು ಯಾರಾದ್ರೂ ರೊಟ್ಟಿ ಬಡೀತಾರೇನ್ರೀ? ಕೂತಲ್ಲಿಂದ ಬಸ್ಸು ಕಾಣಬೇಕು."