ಮೂವರಿಗೂ ಇಲ್ಲವೆಂದರೆ ನನಗೂ ಬೇಡ

"ಆ ಪೆಟ್ಟಿಗೆ ಒಳಗೆ ಹೋಗ್ಬೇಕಾದ್ರೆ ನನ್ನ ದಾಟ್ಕೊಂಡು ಹೋಗ್ಬೇಕು!"

ಕುಶಾಲನಗರದ ಬಸ್ ಸ್ಟ್ಯಾಂಡ್ ಎದುರಿನ ದೇರಪ್ಪನ ಹೋಟೆಲು. ಅದರ ಹಿಂಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು ಕಾಳಮ್ಮ. ಮೊಣಕೈವರೆಗೂ ಉದ್ದಿನಹಿಟ್ಟು. ಕಣ್ಣಲ್ಲಿ ಕೆಂಡ!

ಪೆಟ್ಟಿಗೆ ಹೊತ್ತಿದ್ದ ತಿಮ್ಮಯ್ಯ ಮೈಸೂರಿನ ಅಂಗಡಿಯೊಂದರ ಮೆಕ್ಯಾನಿಕ್. ಬೆವರು ಇಳಿಯುತ್ತಿದ್ದರೂ ಅವಳ ಮುಖದಿಂದ ಕಣ್ಣು ಕೀಳಲಾಗಲಿಲ್ಲ.

"ಭಾರ ಇದೆ ಕಣ್ರೀ..."

"ನಮ್ಮ ಹೊಟ್ಟೆ ಮೇಲೆ ಬೀಳೋದಲ್ವಾ? ಭಾರ ಇದ್ದೇ ಇರುತ್ತೆ!"

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಹೋಟೆಲ್ ಕೆಲಸದವರ ಕನಿಷ್ಠ ಕೂಲಿಯನ್ನು ಸರ್ಕಾರ ಹೆಚ್ಚಿಸಿತ್ತು. ಅದಕ್ಕೆ ದೇರಪ್ಪ ಕೊಟ್ಟ ಉತ್ತರ, ಕರೆಂಟಿನಿಂದ ಓಡುವ ಈ ರುಬ್ಬುವ ಯಂತ್ರ. ಆರು ವರ್ಷದಿಂದ ಒರಳು ತಿರುಗಿಸುತ್ತಿದ್ದ ಕಾಳಮ್ಮ, ಮುದ್ದಿ, ವಯಸ್ಸಾದ ಲಿಂಗಮ್ಮ... ಮೂವರ ಕೆಲಸವನ್ನೂ ಅದೊಂದೇ ಮಾಡುತ್ತದಂತೆ!

ದೇರಪ್ಪ ಗದರಿದ ಮೇಲೆ ಪೆಟ್ಟಿಗೆ ಒಳಗೆ ಹೋಯಿತು. ಆದರೆ ಒರಳಿನ ಮುಂದಿನಿಂದ ಮೂವರೂ ಏಳಲಿಲ್ಲ.

ಜೋಡಣೆಗೆ ಎರಡು ದಿನ ಹಿಡಿಯಿತು. ನಡುನಡುವೆ ತಿಮ್ಮಯ್ಯ ಕಾಳಮ್ಮನ ಒರಳಿನ ಬಳಿ ಬಂದು ಕೂರುತ್ತಿದ್ದ.

"ಹದ ಬಂತು ಅಂತ ಹೆಂಗೆ ಗೊತ್ತಾಗುತ್ತೆ?"

"ಚೂರು ಹಿಟ್ಟು ನೀರಿಗೆ ಹಾಕಿ. ತೇಲಿದ್ರೆ ಬಂತು ಅಂತ."

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂದಿತ್ತು. 'ಛೇ! ಇವನ ಜೊತೆ ನನಗೇನು ನಗು?'

ಮೂರನೇ ದಿನ ಬೆಳಿಗ್ಗೆ ದೇರಪ್ಪ ಮೂವರನ್ನೂ ಕರೆದ.

"ಕಾಳಮ್ಮ, ಮಿಷನ್ ನೋಡ್ಕೊಳ್ಳೋಕೆ ನೀನಿರು. ಹೊಸ ಕೂಲಿ ಕೊಡ್ತೀನಿ. ಮೆಕ್ಯಾನಿಕ್ಕೇ ನಿನ್ನ ಹೆಸ್ರು ಹೇಳಿದ್ದು. ಅವರಿಬ್ರು ನಾಳೆಯಿಂದ ಬೇಡ."

ಲಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಾಳಮ್ಮ ತಿಮ್ಮಯ್ಯನತ್ತ ತಿರುಗಿದಳು. ಹದ ಕೇಳಿದ್ದು ಇದಕ್ಕಾ?

"ಮೂವರಿಗೂ ಕೆಲಸ, ಮೂವರಿಗೂ ಸರ್ಕಾರ ಹೇಳಿದ ಕೂಲಿ. ಇಲ್ಲ ಅಂದ್ರೆ ನಾನೂ ಬೇಡ ಸಾವ್ಕಾರ್ರೇ!"

ಹೊರಗೆ ಬಂದವಳ ಹಿಂದೆಯೇ ತಿಮ್ಮಯ್ಯ ಓಡಿದ.

"ಕಾಳಮ್ಮ, ನಿಮ್ಮ ಒಳ್ಳೇದಕ್ಕೇ ಹೇಳಿದ್ದು..."

"ಲಿಂಗಮ್ಮಕ್ಕನ್ನ ಬೀದಿಗೆ ಹಾಕಿ ನನಗೆ ಒಳ್ಳೇದು ಮಾಡ್ತೀರಾ? ನನ್ನ ಉಳ್ಸೋಕೆ ನೀವ್ಯಾರು?"



ಮಾರನೆಯ ದಿನ ಮೊದಲ ಬಸ್ಸು ಬರುವ ಹೊತ್ತಿಗೆ ಮೂವರೂ ಹೋಟೆಲಿನ ಮೆಟ್ಟಿಲ ಮೇಲೆ ಕೂತಿದ್ದರು. ಕೇಳಿದವರಿಗೆಲ್ಲ ಕಾಳಮ್ಮ ವಿಷಯ ಹೇಳಿದಳು, ತಲೆ ತಗ್ಗಿಸದೆ.

"ಲಿಂಗಮ್ಮಕ್ಕ ಒಳಗೆ ಹೋಗೋವರ್ಗೂ ನಮಗೂ ತಿಂಡಿ ಬೇಡ," ಎಂದ ಬಸ್ ಡ್ರೈವರ್ ಮೊಣ್ಣಪ್ಪ. ತಿಂಡಿಗೆ ಬಂದವರು ಒಬ್ಬೊಬ್ಬರಾಗಿ ಎದುರಿನ ಟೀ ಅಂಗಡಿಗೆ ನಡೆದರು.

"ಮಿಷನ್ ಚಾಲೂ ಮಾಡಯ್ಯಾ!" ದೇರಪ್ಪ ಕೂಗಿದ.

ತಿಮ್ಮಯ್ಯ ಕೈ ಒರೆಸಿಕೊಂಡ. "ಜೋಡಿಸೋದು ನನ್ನ ಕೆಲಸ, ಮುಗೀತು. ರುಬ್ಬೋದು ಅವರದ್ದು." ಹೋಗಿ ಕಾಳಮ್ಮನ ಕೆಳಗಿನ ಮೆಟ್ಟಿಲಲ್ಲಿ ಕೂತ.

"ನಿಮ್ಮ ಕೆಲಸ ಹೋಗುತ್ತೆ!" ಅವಳು ಅವನತ್ತ ಬಾಗಿದಳು.

"ನಿನ್ನೊಬ್ಬಳನ್ನ ಉಳ್ಸಿದ್ರೆ ಸಾಕು ಅಂದ್ಕೊಂಡಿದ್ದೆ... ತಪ್ಪಾಯ್ತು."

ಅವಳ ಸಿಟ್ಟು ಎಲ್ಲಿ ಹೋಯಿತೋ!

ದೇರಪ್ಪ ತಾನೇ ರುಬ್ಬಿದ ಹಿಟ್ಟಿನ ಇಡ್ಲಿ ಮಾರನೆಯ ದಿನ ಕಲ್ಲಾಗಿತ್ತು. ತಿನ್ನುವವರೂ ಇರಲಿಲ್ಲ. ಮೂರನೇ ದಿನ ಅವನೇ ಮೆಟ್ಟಿಲಿಗೆ ಬಂದು ಒಪ್ಪಿಕೊಂಡ. ಕಾಳಮ್ಮ ಯಂತ್ರಕ್ಕೆ, ಲಿಂಗಮ್ಮ ಇಡ್ಲಿ ಬೇಯಿಸೋಕೆ, ಮುದ್ದಿ ಚಟ್ನಿಗೆ. ಮೂವರಿಗೂ ಹೊಸ ಕೂಲಿ!

ಸಂಜೆ ಮೈಸೂರು ಬಸ್ಸಿನ ಬಳಿ ಕಾಳಮ್ಮ ತಿಮ್ಮಯ್ಯನೆದುರು ನಿಂತಳು.

"ಮಿಷನ್ ಕೆಟ್ರೆ?"

"ಬರ್ತೀನಿ."

"ಕೆಡದೇ ಇದ್ರೆ...?"

"ಆಗ್ಲೂ ಬರ್ತೀನಿ. ನಿಮ್ಮಪ್ಪನ ಹತ್ರ ಹೆಣ್ಣು ಕೇಳೋಕೆ."

ಅವಳ ಕೆನ್ನೆ ಕೆಂಪೇರಿತು. ಗಲ್ಲ ಮಾತ್ರ ಮೇಲೆಯೇ ಇತ್ತು. "ಮದುವೆಯಾದ್ರೂ ನಾನು ಕೆಲಸ ಬಿಡಲ್ಲ!"

"ಬಿಡು ಅಂದವ್ರು ಯಾರು? ನಾನೇ ಈ ಊರಿಗೆ ಬಂದ್ಬಿಡ್ತೀನಿ. ನೀನು ಹೂಂ ಅಂದ್ರೆ..."

"ಹೂಂ," ಎಂದಳು ಕಾಳಮ್ಮ, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ!