ಹುಬ್ಬಳ್ಳಿ ಮುಟ್ಟುವ ತನಕ

“ಹೋಗಾವ ಕಡೀಕ ಊರು ಮುಟ್ಟತಾನೋ ಇಲ್ಲೋ... ಅದನ್ನಷ್ಟ ಹೇಳ್ರಿ.”

ಹಿಂದಿನ ಬೆಂಚಿನಿಂದ ಬಂದ ಧ್ವನಿ ನಡುಗುತ್ತಿತ್ತು.

೧೯೯೮ರ ಶ್ರಾವಣ. ಧಾರವಾಡದ ಎಂ.ಎಸ್‌ಸಿ. ಗಣಿತ ತರಗತಿಯಲ್ಲಿ ಸಂಶೋಧನಾ ವಿದ್ಯಾರ್ಥಿ ಮಿಲಿಂದ ಅನಂತದ ಬಗ್ಗೆ ಪಾಠ ಮಾಡುತ್ತಿದ್ದ. ಒಬ್ಬ ಪ್ರಯಾಣಿಕ ಹುಬ್ಬಳ್ಳಿಗೆ ಹೊರಟಿದ್ದಾನೆ ಅಂದುಕೊಳ್ಳಿ. ಮೊದಲು ಅರ್ಧ ದಾರಿ, ಆಮೇಲೆ ಉಳಿದದ್ದರ ಅರ್ಧ, ಮತ್ತೆ ಅದರ ಅರ್ಧ... ತುಂಡುಗಳಿಗೆ ಕೊನೆಯೇ ಇಲ್ಲ.

“ಮುಟ್ಟತಾನ್ರಿ,” ಮಿಲಿಂದ ನಕ್ಕ. “ತುಂಡು ಅನಂತ ಇದ್ರೂ ಕೂಡಿಸಿದ್ರ ದಾರಿ ಅಷ್ಟ. ಬರೇ ಕಲ್ಪನಾದ ಪ್ರಯಾಣ ಇದು, ಇಷ್ಟ್ಯಾಕ ಗಾಬರಿ?”

ಇಡೀ ತರಗತಿ ನಕ್ಕಿತು. ಪ್ರಶ್ನೆ ಕೇಳಿದ್ದ ಋತುಜಾ ಎದ್ದು ಹೊರಗೆ ಹೋದಳು. ಆಮೇಲೆ ಅವನ ಪಾಠಕ್ಕೆ ಬರಲೇ ಇಲ್ಲ.

ಸೊಕ್ಕಿನ ಹುಡುಗಿ, ಎಂದುಕೊಂಡ ಮಿಲಿಂದ.

ನಿಜ ಗೊತ್ತಾಗಿದ್ದು ಅವಳ ಗೆಳತಿ ಮಂದಾಕಿನಿಯಿಂದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಾಯಿ ಕೊನೆಯುಸಿರು ಎಳೆದಾಗ ಋತುಜಾ ಇನ್ನೂ ಬಸ್ಸಿನಲ್ಲಿದ್ದಳು. ಲಾರಿ ಮಗುಚಿ ರಸ್ತೆ ಬಂದಾಗಿತ್ತು. “ತಡಾ ಮಾಡಿದಿ,” ಎಂದಷ್ಟೇ ಅಪ್ಪ ಪಂಢರಿನಾಥ ಅಂದಿದ್ದರು. ಕರ್ಮಾಂತರ ಮುಗಿಸಿ ಬಂದವಳು ಮತ್ತೆ ಅಪ್ಪನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಮರುದಿನ ಸಂಜೆ ಸಪ್ತಾಪುರದ ಅವಳ ಬಾಡಿಗೆ ಖೋಲಿಯ ಮುಂದೆ ಮಿಲಿಂದ ನಿಂತಿದ್ದ.

“ನಾ ನಗಬಾರದಾಗಿತ್ರಿ. ತಪ್ಪಾತು.”

“ನಿಮಗೇನು ಗೊತ್ತಿತ್ತು?” ಅವಳು ತಲೆ ಎತ್ತಲಿಲ್ಲ. “ನಾ ದಿನಾ ಅದ ಬಸ್ಸಿನ್ಯಾಗ ಕುಂತಿರ್ತೇನ್ರಿ. ಒಮ್ಮೆ ಇಳಿದು ಓಡತೇನಿ, ಒಮ್ಮೆ ಬೆಳಕಿಗಿಂತ ಲಗೂನ ಹೋಗತೇನಿ... ಹೆಂಗ ಲೆಕ್ಕಾ ಹಾಕಿದ್ರೂ ಅವ್ವನ ಹತ್ರ ಮುಟ್ಟಂಗಿಲ್ಲ.”



“ಅದಕ್ಕ ನನ್ನ ಕಡೆ ಉತ್ತರ ಇಲ್ರಿ,” ಎಂದ ಮಿಲಿಂದ. “ಆದ್ರ ಅಪ್ಪನ ಹತ್ರ ಹೋಗಬಹುದಲ್ಲ. ಒಬ್ರ ಹೋಗಾಕ ಆಗದಿದ್ರ ನಾ ಬರ್ತೇನಿ.”

ಒಪ್ಪಲು ಅವಳಿಗೆ ದೀಪಾವಳಿ ಕಳೆಯಬೇಕಾಯಿತು. ಅಷ್ಟರಲ್ಲಿ ಮಿಲಿಂದ ದಿನವೂ ಬರತೊಡಗಿದ್ದ; ಸಂಜೆಯಾದರೆ ಅವನ ದಾರಿ ಕಾಯುವುದು ಅವಳಿಗೆ ರೂಢಿಯಾಗಿತ್ತು.

ಹುಬ್ಬಳ್ಳಿಗೆ ಹೊರಟ ಬಸ್ಸು ನವಲೂರು ದಾಟಿದಾಗ ಅವಳು ಸೀಟಿನಿಂದ ಅರ್ಧ ಎದ್ದಳು. ಇಳಿದುಬಿಡಲೇ...? ಮಿಲಿಂದ ಪಕ್ಕದಲ್ಲೇ ಕುಳಿತಿದ್ದ.

ಬಾಗಿಲು ತೆಗೆದ ಪಂಢರಿನಾಥರು ತೀರಾ ಸೊರಗಿದ್ದರು. ಮಗಳನ್ನು ಕಂಡು ಚೌಕಟ್ಟು ಹಿಡಿದುಕೊಂಡರು.

“ಅವತ್ತ ನಿನಗ ಹಂಗ ಅನಬಾರದಿತ್ತವ್ವಾ. ಅಕಿ ಹೋಗೂ ಮುಂದ ನಾ ಒಬ್ಬನ ಇದ್ದೆ... ಭಾಳ ಅಂಜಿದ್ದೆ.”

ಋತುಜಾ ಅಪ್ಪನ ಹೆಗಲಿಗೆ ಒರಗಿದಳು. ಒಳಗೆ ಅಡುಗೆಮನೆ ನಿಶ್ಶಬ್ದವಾಗಿತ್ತು.

ಮಿಲಿಂದನನ್ನು ಕಳಿಸಲು ಅವಳು ಓಣಿಯ ತುದಿಯವರೆಗೆ ಬಂದಳು.

“ನೀವಂದ್ರ ನನಗ ಭಾಳ ಜೀವ,” ಎಂದ ಅವನು, ನೆಲ ನೋಡುತ್ತ. “ಇವತ್ತ ಹೇಳೂ ಮಾತಲ್ಲ, ಗೊತ್ತು.”

ಅವಳ ಕಣ್ಣು ತುಂಬಿ ಬಂತು. “ನನಗೂ ಅಷ್ಟ. ಆದ್ರ ನಾ ನಗೂದಕ್ಕಿಂತ ಅಳೂದ ಜಾಸ್ತಿ...”

“ಅಳ್ರಿ. ನಾ ಬಾಜೂಕ ಇರ್ತೇನಿ.”

“ಅಳ್ರಿ ಅನಬ್ಯಾಡ. ಅಳು ಅನ್ನು.”

“ಆತು... ಅಳು,” ಎಂದ ಮಿಲಿಂದ, ಮೆಲ್ಲಗೆ.